ಬಿತ್ತುವಟ್ಟ ಯಾರಿಗೆ? ಸಂಶೋಧನಾ ವಿದ್ಯಾರ್ಥಿಯ ಪ್ರಬಂಧ ಮಂಡನೆಯನ್ನು ಕುರಿತು

(ಪಿಎಚ್.ಡಿ. ವಿದ್ಯಾರ್ಥಿಗಳ ಕಾರ್ಯಾಗಾರವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ನುಸುಳಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಸೂಕ್ತವೆನಿಸಿದ ಕಡೆ ಸೇರಿಸಿದ್ದೇನೆ.)

ಸಂಘಟಕರು ನನಗೆ ಒಪ್ಪಿಸಿದ ವಿಷಯ ‘ಸಂಶೋಧನಾ ಪ್ರಬಂಧ ರಚನೆ ಮತ್ತು ಮಂಡನೆ’. ಈ ವಿಷಯದ ಮೇಲೆ ಕೈಪಿಡಿಗಳಿಗೆ ಕೊರತೆಯಿಲ್ಲ, ಅವುಗಳಲ್ಲಿರುವುದನ್ನು ಮತ್ತೆ ಒಪ್ಪಿಸುವ ಉತ್ಸಾಹ ನನಗೂ ಇಲ್ಲ. ನಾನು ಇತಿಹಾಸವನ್ನೂ ಶಾಸನಗಳನ್ನೂ ಪಾಠ ಮಾಡಿಕೊಂಡು ಬಂದವನಾದ್ದರಿಂದ ನನ್ನ ಉದಾಹರಣೆಗಳೆಲ್ಲ ಅಲ್ಲಿಯವೇ ಆಗಿರುತ್ತವೆ. ಮುಂದಿನ ಸಾಲಿನಲ್ಲಿ ರಸಾಯನಶಾಸ್ತ್ರದವರೂ ಗಣಕವಿಜ್ಞಾನದವರೂ ಕುಳಿತಿದ್ದಾರೆಂದು ತಿಳಿಯಿತು. ಅವರು ತಮಗೆ ಒಪ್ಪುವಂತೆ ಹೊಂದಿಸಿಕೊಳ್ಳಬೇಕೆಂದು ಕೋರುತ್ತೇನೆ. ನಾನು ಹೇಳಬೇಕಾದ ಮಾತು ಮುಖ್ಯವಾಗಿ ಒಂದೇ: ವಿಚಾರ ಸಂಕಿರಣಕ್ಕೆ ಒಯ್ಯಬೇಕಾದದ್ದು ನಿಮ್ಮ ಮಹಾಪ್ರಬಂಧದಲ್ಲಿ ಮುಗಿದುಹೋದ ಭಾಗವನ್ನಲ್ಲ, ಇನ್ನೂ ಬಗೆಹರಿಯದೆ ನಿಮ್ಮನ್ನು ಕಾಡುತ್ತಿರುವ ಭಾಗವನ್ನು.

ಆದರೆ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಇದಲ್ಲ. “ಸರ್, ಎಷ್ಟು ಪೇಪರ್ ಬೇಕು?” ಎಂಬುದು ಅವರ ಪ್ರಶ್ನೆ. ಅದಕ್ಕೂ ಒಂದು ಹಿನ್ನೆಲೆಯಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರ ನಿಯಮಾವಳಿಯಲ್ಲಿ, ಮಹಾಪ್ರಬಂಧ ಸಲ್ಲಿಸುವ ಮೊದಲು ಪರಿಶೀಲಿತ ನಿಯತಕಾಲಿಕದಲ್ಲಿ ಒಂದು ಲೇಖನ ಪ್ರಕಟವಾಗಿರಬೇಕೆಂದು ವಿಧಿಸಿತು. 2016ರ ನಿಯಮಾವಳಿ ಅದರ ಜೊತೆಗೆ ಎರಡು ಪ್ರಬಂಧ ಮಂಡನೆಗಳನ್ನೂ ಕಡ್ಡಾಯ ಮಾಡಿತು. ಆಮೇಲಿನ ವರ್ಷಗಳಲ್ಲಿ ನಮ್ಮ ಕಾಲೇಜುಗಳಲ್ಲಿ ವಿಚಾರ ಸಂಕಿರಣಗಳು ಮಳೆಗಾಲದ ಅಣಬೆಯಂತೆ ಎದ್ದುದನ್ನು ನಾವೆಲ್ಲ ನೋಡಿದ್ದೇವೆ. 2022ರ ನವೆಂಬರಿನಲ್ಲಿ ಬಂದ ಹೊಸ ನಿಯಮಾವಳಿ ಈ ಎರಡೂ ಷರತ್ತುಗಳನ್ನು ಕೈಬಿಟ್ಟಿತು. ಯಾವ ನಿಯತಕಾಲಿಕ ಒಪ್ಪತಕ್ಕದ್ದು ಎಂದು ಹೇಳಲು 2019ರಲ್ಲಿ ಜಾರಿಗೆ ಬಂದಿದ್ದ ‘ಕೇರ್’ ಪಟ್ಟಿಯನ್ನೂ ಆಯೋಗ 2025ರಲ್ಲಿ ನಿಲ್ಲಿಸಿತು. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಹಳೆಯ ಷರತ್ತನ್ನು ಉಳಿಸಿಕೊಂಡಿರಬಹುದು, ಅದನ್ನು ಪಿಎಚ್.ಡಿ. ವಿಭಾಗದ ಗುಮಾಸ್ತರ ಬಳಿ ಕೇಳಿ ಖಚಿತಪಡಿಸಿಕೊಳ್ಳಿ. ನನ್ನ ಮಟ್ಟಿಗೆ ಷರತ್ತು ಹೋದದ್ದು ಒಳ್ಳೆಯದೇ ಆಯಿತು. ಎರಡು ಪ್ರಮಾಣಪತ್ರ ಬೇಕಾಗಿದ್ದಾಗ ವಿದ್ಯಾರ್ಥಿಗಳು ಪ್ರಮಾಣಪತ್ರಕ್ಕಾಗಿ ಹೋಗುತ್ತಿದ್ದರು. ಈಗ ಹೋಗುವವನಿಗೆ ಬೇರೆ ಕಾರಣ ಇರಲೇಬೇಕಾಗುತ್ತದೆ.

ಆ ಬೇರೆ ಕಾರಣ ಏನು ಎಂಬುದಕ್ಕೆ ಬೆಂಗಳೂರಿನಲ್ಲಿಯೇ ನಡೆದ ಒಂದು ಪ್ರಸಂಗವನ್ನು ನೆನಪಿಸುತ್ತೇನೆ. ಕೊಲ್ಕತ್ತದಲ್ಲಿ 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಅವರಿಗೆ ತಮ್ಮ ಹೆಸರಿನಿಂದಲೇ ಮುಂದೆ ಪ್ರಸಿದ್ಧವಾದ ಪರಿಣಾಮ ಸ್ಪಷ್ಟವಾಗಿ ಗೋಚರಿಸಿತು. ಅದನ್ನು ಅವರು ವಿಸ್ತಾರವಾಗಿ ವಿವರಿಸಿದ್ದು ಆ ವರ್ಷದ ಮಾರ್ಚ್ 16ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣದಲ್ಲಿ. ‘ಒಂದು ಹೊಸ ವಿಕಿರಣ’ ಎಂಬುದು ಆ ಭಾಷಣದ ಹೆಸರು. ಅದೇ ಭಾಷಣ ತಿಂಗಳು ಮುಗಿಯುವಷ್ಟರಲ್ಲಿ ಭಾರತೀಯ ಭೌತವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಫಲಿತಾಂಶ ಬಿಸಿಯಾಗಿರುವಾಗಲೇ ಅದನ್ನು ಸಭೆಯ ಮುಂದೆ ಇಡುವುದು, ಇಟ್ಟದ್ದನ್ನು ತಡಮಾಡದೆ ಅಚ್ಚಿಗೆ ಕಳಿಸುವುದು, ಈ ಎರಡನ್ನೂ ಅವರು ಒಂದೇ ಕೆಲಸವೆಂದು ಭಾವಿಸಿದ್ದರು. ನಮ್ಮಲ್ಲಿ ಅನೇಕರು ಇದನ್ನು ತಿರುವು ಮುರುವು ಮಾಡುತ್ತಾರೆ: ಐದು ವರ್ಷ ಹಿಂದೆ ಬರೆದಿಟ್ಟ ಎಂ.ಎ. ಪ್ರಬಂಧವನ್ನು ತೆಗೆದು, ಧೂಳು ಕೊಡವಿ, ಸಂಕಿರಣಕ್ಕೆ ಒಯ್ಯುತ್ತಾರೆ. ಇನ್ನೊಂದು ಸಣ್ಣ ಸಂಗತಿಯನ್ನೂ ಗಮನಿಸಿ. ಆ ಭಾಷಣ ರಾಮನ್ ಒಬ್ಬರದೇ ಹೆಸರಿನಲ್ಲಿದೆ. ‘ನೇಚರ್’ ಪತ್ರಿಕೆಗೆ ಅದಕ್ಕೂ ಮೊದಲು ಕಳಿಸಿದ ಕಿರು ಟಿಪ್ಪಣಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಇಬ್ಬರ ಹೆಸರಿನಲ್ಲಿದೆ. ಯಾರ ಹೆಸರು ಎಲ್ಲಿ ಬರಬೇಕು ಎಂಬ ಪ್ರಶ್ನೆ ಇವತ್ತಿನದಲ್ಲ. ಪ್ರಬಂಧ ಬರೆಯಲು ಕೂರುವ ಮೊದಲೇ ನಿಮ್ಮ ಮಾರ್ಗದರ್ಶಕರೊಂದಿಗೆ ಇದನ್ನು ಮಾತಾಡಿ ಮುಗಿಸಿಕೊಳ್ಳಿ. ಬರೆದ ಮೇಲೆ ಆಡುವ ಮಾತು ಕಹಿಯಾಗುತ್ತದೆ.

ಈಗ ನನ್ನ ಮುಖ್ಯ ಉದಾಹರಣೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಸಂಶೋಧನೆ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿ ಹಾಸನ ಜಿಲ್ಲೆಯ ಕೆರೆಗಳ ಮೇಲೆ ಕೆಲಸ ಕೈಗೊಂಡಿದ್ದಳು. ರೈತರ ಮನೆಯ ಹುಡುಗಿ. ಕೆರೆ, ಏರಿ, ತೂಬು, ಕೋಡಿ ಎಂಬ ಮಾತುಗಳು ಅವಳಿಗೆ ಪುಸ್ತಕದಿಂದ ಬಂದವಲ್ಲ. ಮೊದಲ ಸಂಕಿರಣಕ್ಕೆಂದು ಅವಳು ತಂದ ಪ್ರಬಂಧದ ಶೀರ್ಷಿಕೆ ‘ಕರ್ನಾಟಕದ ಪ್ರಾಚೀನ ಕೆರೆ ನೀರಾವರಿ ವ್ಯವಸ್ಥೆ: ಒಂದು ಅಧ್ಯಯನ’. ಉದ್ದ ಮೂವತ್ತೆಂಟು ಪುಟ. ಅದು ಅವಳ ಮಹಾಪ್ರಬಂಧದ ಎರಡನೆಯ ಅಧ್ಯಾಯವೇ ಆಗಿತ್ತು, ಮೇಲೊಂದು ಶೀರ್ಷಿಕೆ ಅಂಟಿಸಲಾಗಿತ್ತು. ಈ ‘ಒಂದು ಅಧ್ಯಯನ’ ಎಂಬ ಬಾಲದ ಬಗ್ಗೆ ನನಗೆ ಹಳೆಯ ತಕರಾರಿದೆ. ಅಧ್ಯಯನವಲ್ಲದೆ ಸಂಶೋಧನಾ ವಿದ್ಯಾರ್ಥಿ ಇನ್ನೇನು ಮಾಡುತ್ತಾನೆ? ಆ ಬಾಲ ಅಂಟಿಕೊಂಡಿದೆಯೆಂದರೆ ಪ್ರಬಂಧಕಾರನಿಗೆ ಇನ್ನೂ ತನ್ನ ಪ್ರಶ್ನೆ ಸಿಕ್ಕಿಲ್ಲವೆಂದು ನಾನು ತಿಳಿಯುತ್ತೇನೆ.

“ಇದರಲ್ಲಿ ನಿನಗೆ ಇನ್ನೂ ಅರ್ಥವಾಗದೆ ಇರುವುದು ಯಾವುದಮ್ಮ?” ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿತ್ತುವಟ್ಟ, ಸರ್” ಎಂದಳು. ಗಂಗರ ಕಾಲದಿಂದಲೇ ನಮ್ಮ ಶಾಸನಗಳಲ್ಲಿ ಕಾಣಸಿಗುವ ಪದವಿದು. ಕೆರೆಗೆ ಸಂಬಂಧಿಸಿ ಬಿಟ್ಟುಕೊಟ್ಟ ಭೂಮಿ ಅಥವಾ ಹುಟ್ಟುವಳಿಯ ಪಾಲು ಎಂಬುದು ಸ್ಥೂಲವಾದ ಅರ್ಥ. ಕಟ್ಟುಗೊಡಗೆ (ಕೆರೆಕಟ್ಟೆಗಾಗಿ ಬಿಟ್ಟ ಭೂಮಿ) ಎಂಬ ಇನ್ನೊಂದು ಪದವೂ ಇದರ ಆಸುಪಾಸಿನಲ್ಲಿಯೇ ಓಡಾಡುತ್ತದೆ. ಅವಳ ತೊಡಕು ಇಷ್ಟೇ: ಅವಳು ಕಲೆಹಾಕಿದ್ದ ಶಾಸನಗಳಲ್ಲಿ ಕೆಲವೆಡೆ ಬಿತ್ತುವಟ್ಟ ಕೆರೆ ಕಟ್ಟಿಸಿದವನ ಕೈಗೆ ಹೋಗುತ್ತಿತ್ತು, ಕೆಲವೆಡೆ ದೇವಸ್ಥಾನಕ್ಕೆ, ಇನ್ನು ಕೆಲವೆಡೆ ಯಾರಿಗೆಂದು ಹೇಳದೆ ಬರಿಯ ಗದ್ದೆಯ ಅಳತೆಯಷ್ಟೇ ನಿಲ್ಲುತ್ತಿತ್ತು. ಹಾಗಾದರೆ ಅದು ಕೆರೆ ಕಟ್ಟಿದ್ದಕ್ಕೆ ಕೊಟ್ಟ ಗೌರವವೋ, ಕೆರೆಯನ್ನು ಮುಂದೆ ನೋಡಿಕೊಳ್ಳಲೆಂದು ಕೊಟ್ಟ ಸಂಭಾವನೆಯೋ? ಮೂವತ್ತೆಂಟು ಪುಟಗಳಲ್ಲಿ ಈ ಪ್ರಶ್ನೆ ಒಂದು ಅಡಿಟಿಪ್ಪಣಿಯಾಗಿ ಮೂಲೆ ಹಿಡಿದಿತ್ತು. ಆ ಅಡಿಟಿಪ್ಪಣಿಯನ್ನು ಮೇಲಕ್ಕೆತ್ತಿ, ಉಳಿದ ಪುಟಗಳನ್ನು ಕೆಳಗಿಡಲು ಹೇಳಿದೆ. ‘ಬಿತ್ತುವಟ್ಟ ಯಾರಿಗೆ? ಹಾಸನ ಜಿಲ್ಲೆಯ ಕೆರೆ ಶಾಸನಗಳನ್ನು ಆಧರಿಸಿ’ ಎಂದು ಶೀರ್ಷಿಕೆ ಬದಲಾಯಿತು. ಅವಳಿಗೆ ಅಳು ಬರುವಂತಾಗಿತ್ತು. ಎರಡು ವರ್ಷದ ದುಡಿಮೆ ಹಾಗೆ ಬದಿಗೆ ಸರಿದರೆ ಯಾರಿಗಾದರೂ ಹಾಗೆಯೇ ಆಗುತ್ತದೆ. ಆದರೆ ಬದಿಗಿಟ್ಟದ್ದು ಎಲ್ಲಿಯೂ ಹೋಗುವುದಿಲ್ಲ, ಅದು ಮಹಾಪ್ರಬಂಧದಲ್ಲಿ ಇದ್ದೇ ಇರುತ್ತದೆ.

ಸಂಕಿರಣದವರು ಮೊದಲು ಕೇಳುವುದು ಪೂರ್ಣ ಪ್ರಬಂಧವನ್ನಲ್ಲ, ಸಾರಲೇಖವನ್ನು. ಸಾಮಾನ್ಯವಾಗಿ ಇನ್ನೂರೈವತ್ತು, ಮುನ್ನೂರು ಪದ. ಆಯ್ಕೆ ಮಾಡುವವರು ಒಂದೇ ಸಂಜೆಯಲ್ಲಿ ನೂರಾರು ಸಾರಲೇಖಗಳನ್ನು ಓದುತ್ತಾರೆ ಎಂಬುದನ್ನು ಮರೆಯಬೇಡಿ; ನಾನೂ ಆ ಕುರ್ಚಿಯಲ್ಲಿ ಕುಳಿತು ಓದಿದ್ದೇನೆ. ‘ಕರ್ನಾಟಕವು ಪ್ರಾಚೀನ ಕಾಲದಿಂದಲೂ ಶ್ರೀಮಂತವಾದ ನೀರಾವರಿ ಪರಂಪರೆಯನ್ನು ಹೊಂದಿರುವ ನಾಡಾಗಿದೆ’ ಎಂದು ಶುರುವಾದರೆ ಓದುವವನ ಕಣ್ಣು ತಾನಾಗಿಯೇ ಮುಂದಿನ ಹಾಳೆಗೆ ಜಾರುತ್ತದೆ, ಏಕೆಂದರೆ ಅಂಥವನ್ನು ಆ ಸಂಜೆ ಅವನು ಹತ್ತಾರು ಓದಿರುತ್ತಾನೆ. ಈ ವಿದ್ಯಾರ್ಥಿನಿಯ ಮೂರನೆಯ ಕರಡಿನ ಮೊದಲ ವಾಕ್ಯ ಹೀಗಿತ್ತು: ‘ಕೆರೆ ಕಟ್ಟಿಸಿದವರ ಹೆಸರನ್ನು ಶಾಸನಗಳು ವಿವರವಾಗಿ ಹೇಳುತ್ತವೆ, ಕಟ್ಟಿದ ಕೆರೆಯನ್ನು ನೋಡಿಕೊಂಡವರ ವಿಷಯದಲ್ಲಿ ಅವು ಅಷ್ಟು ಮಾತಾಡುವುದಿಲ್ಲ.’ ಎರಡನೆಯ ವಾಕ್ಯದಲ್ಲಿ ಬಿತ್ತುವಟ್ಟದ ತೊಡಕು, ಮೂರನೆಯದರಲ್ಲಿ ಅವಳು ಬಳಸಿದ ಆಕರ ಯಾವುದು, ಯಾವ ಕಾಲದ್ದು, ಎಷ್ಟು ಶಾಸನಗಳು ಎಂಬ ಲೆಕ್ಕ, ಕೊನೆಗೆ ಅವಳಿಗೆ ಈವರೆಗೆ ಕಂಡದ್ದೇನು ಎಂಬ ಎರಡು ಸಾಲು. ‘ಚರ್ಚಿಸಲಾಗುವುದು’, ‘ಬೆಳಕು ಚೆಲ್ಲಲಾಗುವುದು’ ಎಂಬ ಕ್ರಿಯಾಪದಗಳನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ಏನು ಕಂಡಿತೆಂದು ಹೇಳಲು ಇನ್ನೂ ಆಗದಿದ್ದರೆ ಸಾರಲೇಖ ಕಳಿಸುವ ಕಾಲ ಬಂದಿಲ್ಲ ಎಂದೇ ಅರ್ಥ.

ಇಲ್ಲೊಬ್ಬರು ಗಣಕವಿಜ್ಞಾನದ ವಿದ್ಯಾರ್ಥಿ, ತಮ್ಮ ಕ್ಷೇತ್ರದಲ್ಲಿ ಸಾರಲೇಖವಲ್ಲ, ಪೂರ್ಣ ಪ್ರಬಂಧವನ್ನೇ ಕಳಿಸಬೇಕಾಗುತ್ತದೆಂದು ತಿದ್ದಿದರು. ಅವರ ಮಾತು ಸರಿ. ಅಲ್ಲಿ ಸಮ್ಮೇಳನದಲ್ಲಿ ಒಪ್ಪಿತವಾದ ಪ್ರಬಂಧಕ್ಕೆ ಎಷ್ಟೋ ನಿಯತಕಾಲಿಕಗಳಿಗಿಂತ ಹೆಚ್ಚಿನ ಬೆಲೆಯಿದೆ. ಲೇಖಕರ ಹೆಸರು ಕಾಣದಂತೆ ಮಾಡಿ ಪರಿಶೀಲನೆಗೆ ಕಳಿಸುತ್ತಾರೆ. ಭಾಷಾ ಸಂಸ್ಕರಣೆಯ ದೊಡ್ಡ ಸಮ್ಮೇಳನವಾದ ಎಸಿಎಲ್‌ನಲ್ಲಿ ದೀರ್ಘ ಪ್ರಬಂಧಕ್ಕೆ ಎಂಟು ಪುಟಗಳ ಮಿತಿಯಿದೆ. ಪರಿಶೀಲಕರ ಆಕ್ಷೇಪಕ್ಕೆ ಉತ್ತರ ಬರೆಯಲು ಕೆಲವೇ ದಿನ ಕೊಡುತ್ತಾರೆ. ಮಾನವಿಕ ಶಾಸ್ತ್ರದ ನಾವು ಆ ಶಿಸ್ತನ್ನು ಸ್ವಲ್ಪವಾದರೂ ಎರವಲು ತಂದರೆ ನಷ್ಟವೇನೂ ಆಗದು.

ಆಕರಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ನಮ್ಮ ಪ್ರಬಂಧಗಳು ಹೆಚ್ಚಾಗಿ ಕಾಲು ಜಾರುವುದು ಇಲ್ಲಿಯೇ. ಬಿ.ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಮಾಲೆಯ ಹಳೆಯ ಮುದ್ರಣದಲ್ಲಿ ಹಾಸನ ಜಿಲ್ಲೆಯ ಶಾಸನಗಳು ಐದನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಮುದ್ರಣದಲ್ಲಿ ಅವೇ ಶಾಸನಗಳು ಒಂದಕ್ಕಿಂತ ಹೆಚ್ಚು ಸಂಪುಟಗಳಲ್ಲಿ ಹರಡಿಕೊಂಡಿವೆ, ಕ್ರಮಸಂಖ್ಯೆಗಳೂ ಬದಲಾಗಿವೆ, ಹಳೆಯದರಲ್ಲಿ ಇಲ್ಲದ ಶಾಸನಗಳು ಸೇರಿವೆ. ಬರೀ ‘ಎ.ಕ.’ ಎಂದು ಬರೆದು ತಾಲ್ಲೂಕು ಮತ್ತು ಸಂಖ್ಯೆ ಕೊಟ್ಟರೆ ಯಾವ ಮುದ್ರಣವೆಂದು ಕೇಳುಗರು ಊಹಿಸಬೇಕಾಗುತ್ತದೆ. ನನ್ನ ವಿದ್ಯಾರ್ಥಿನಿಯ ಪಟ್ಟಿಯಲ್ಲಿ ಒಂದೇ ಶಾಸನ ಎರಡು ಸಂಖ್ಯೆಗಳಲ್ಲಿ ಎರಡು ಸಲ ಲೆಕ್ಕಕ್ಕೆ ಬಂದಿತ್ತು. ಒಂದನ್ನು ಅವಳು ಹಳೆಯ ಸಂಪುಟದಿಂದ, ಇನ್ನೊಂದನ್ನು ಬೇರೆಯವರ ಲೇಖನದಿಂದ ಎತ್ತಿಕೊಂಡಿದ್ದಳು. ಶಕವರ್ಷಕ್ಕೆ ಕಣ್ಣುಮುಚ್ಚಿ ಎಪ್ಪತ್ತೆಂಟು ಕೂಡಿಸುವ ಅಭ್ಯಾಸವೂ ಹೀಗೆಯೇ. ಶಾಸನದ ತಿಥಿ ಪುಷ್ಯ, ಮಾಘ, ಫಾಲ್ಗುಣಗಳಲ್ಲಿದ್ದರೆ ಕ್ರಿಸ್ತವರ್ಷ ಮುಂದಕ್ಕೆ ಹೋಗಿರುವ ಸಾಧ್ಯತೆಯಿರುತ್ತದೆ, ಅಲ್ಲಿ ಎಪ್ಪತ್ತೊಂಬತ್ತು ಕೂಡಿಸಬೇಕಾಗುತ್ತದೆ. ಸಾಧ್ಯವಿರುವಲ್ಲಿ ಕಲ್ಲಿನ ಬಳಿಗೇ ಹೋಗಿ, ಇಲ್ಲವೇ ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪಡಿಯಚ್ಚನ್ನಾದರೂ ನೋಡಿ. ಅವಳು ಹೋಗಿ ನೋಡಿದಾಗ ಒಂದು ಶಾಸನದ ಕೆಳಗಿನ ಸಾಲುಗಳು ಏರಿಯ ಮೇಲೆ ಹಾಕಿದ ಕಾಂಕ್ರೀಟಿನಲ್ಲಿ ಹೂತುಹೋಗಿದ್ದವು. ಇದು ನೋವಿನ ಸಂಗತಿ, ಆದರೆ ಪ್ರಬಂಧದಲ್ಲಿ ದಾಖಲಾಗಬೇಕಾದ ಸಂಗತಿಯೂ ಹೌದು, ದಾಖಲಾಯಿತು.

ಇನ್ನೊಂದು ಬಗೆಯ ಜಾರುವಿಕೆ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ಕೆರೆಯ ಬಗ್ಗೆ ಬರೆಯುವ ಪ್ರತಿಯೊಬ್ಬರೂ ಪೋರುಮಾಮಿಳ್ಳದ ಶಾಸನವನ್ನು ಎಳೆದು ತರುತ್ತಾರೆ. ಅದೊಂದು ಅಪೂರ್ವ ಶಾಸನವೇ ಸರಿ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಇಂದಿನ ಕಡಪ ಜಿಲ್ಲೆಯಲ್ಲಿ ಕಟ್ಟಿಸಿದ ಕೆರೆಯ ವಿವರ ಅದರಲ್ಲಿದೆ. ಒಳ್ಳೆಯ ಕೆರೆಗಿರಬೇಕಾದ ಹನ್ನೆರಡು ಅಂಗಗಳು, ಕೆರೆಗೆ ತಗಲಬಾರದ ಆರು ದೋಷಗಳು, ಎರಡು ವರ್ಷ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದ ಲೆಕ್ಕ ಎಲ್ಲವೂ ಇವೆ. ನನ್ನ ವಿದ್ಯಾರ್ಥಿನಿಯ ಮೊದಲ ಸ್ಲೈಡ್ ಕೂಡ ಅದೇ ಆಗಿತ್ತು. ಆದರೆ ಅರಸುಮಗನೊಬ್ಬ ಸಂಸ್ಕೃತದಲ್ಲಿ ಬರೆಸಿದ ಆದರ್ಶ ಕೆರೆಯ ಚಿತ್ರ, ಹೊಯ್ಸಳರ ಕಾಲದ ಹಾಸನದ ಹಳ್ಳಿಯೊಂದರಲ್ಲಿ ಗೌಡನೊಬ್ಬ ಕಟ್ಟಿಸಿದ ಕಟ್ಟೆಯ ಹೂಳನ್ನು ಯಾರು ತೆಗೆಯುತ್ತಿದ್ದರೆಂದು ಹೇಳುವುದಿಲ್ಲ. ಚೆಂದವಿದೆ ಎಂಬ ಒಂದೇ ಕಾರಣಕ್ಕೆ ಇರಿಸಿಕೊಂಡ ಆಕರ ಪ್ರಬಂಧಕ್ಕೆ ಭಾರವಾಗುತ್ತದೆ. ಆ ಸ್ಲೈಡನ್ನು ತೆಗೆಸಿದೆ.

ಇತ್ತೀಚೆಗೆ ಒಂದು ಹೊಸ ಅಪಾಯ ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯ ಉಪಕರಣಗಳನ್ನು ಕೇಳಿದರೆ ಅವು ಸಂಪುಟ, ತಾಲ್ಲೂಕು, ಸಂಖ್ಯೆ ಸಮೇತ ಶಾಸನಗಳನ್ನು ಹೇಳಿಬಿಡುತ್ತವೆ; ಹೋಗಿ ಸಂಪುಟ ತೆರೆದರೆ ಆ ಸಂಖ್ಯೆಯಲ್ಲಿ ಇನ್ನಾವುದೋ ವೀರಗಲ್ಲು ಇರುತ್ತದೆ. ನೀವೇ ತೆರೆದು ನೋಡದ ಪುಟವನ್ನು ಉಲ್ಲೇಖಿಸಬೇಡಿ ಎಂಬ ಹಳೆಯ ನಿಯಮ ಇಲ್ಲಿಗೂ ಸಾಕು. ಕೃತಿಚೌರ್ಯದ ಬಗ್ಗೆ ಆಯೋಗದ 2018ರ ನಿಯಮಗಳನ್ನು ನಿಮ್ಮ ಗ್ರಂಥಾಲಯದವರು ಈಗಾಗಲೇ ವಿವರಿಸಿರುತ್ತಾರೆ: ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇಕಡಾ 60 ದಾಟಿದರೆ ಪಿಎಚ್.ಡಿ. ನೋಂದಣಿಯೇ ರದ್ದು. ಈ ಅಂಕಿಗಳನ್ನು ಬಾಯಿಪಾಠ ಮಾಡಿ ಒಂಬತ್ತರ ಒಳಗೆ ನಿಲ್ಲಿಸುವ ಕಸರತ್ತಿನಲ್ಲಿ ತೊಡಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಈಗ ಸಮಯದ ಲೆಕ್ಕ. ನನ್ನ ಓದಿನ ಗತಿಯಲ್ಲಿ, ಕೇಳುವವರಿಗೆ ತಿಳಿಯುವಂತೆ ಕನ್ನಡದಲ್ಲಿ ಓದಿದರೆ, ನಿಮಿಷಕ್ಕೆ ತೊಂಬತ್ತರ ಆಸುಪಾಸು ಪದಗಳು ಸಾಗುತ್ತವೆ. ನಮ್ಮ ಪದಗಳು ವಿಭಕ್ತಿ, ಪ್ರತ್ಯಯಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಉದ್ದವಾಗಿರುತ್ತವೆ, ಆದ್ದರಿಂದ ಇಂಗ್ಲಿಷಿನ ಪದಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಪ್ಪತ್ತು ನಿಮಿಷವೆಂದರೆ ಸಾವಿರದ ಎಂಟುನೂರು ಪದ. ಚಿತ್ರ ತೋರಿಸಲು, ನೀರು ಕುಡಿಯಲು, ಮೈಕು ಸರಿಮಾಡಲು ಬಿಟ್ಟರೆ ಸಾವಿರದ ಐನೂರು. ಅಂದರೆ ಐದಾರು ಪುಟ. ಮೂವತ್ತೆಂಟು ಪುಟ ತಂದವರು ವೇದಿಕೆಯ ಮೇಲೆ ಪುಟ ಮಗುಚುತ್ತಾ “ಇದನ್ನು ಸಮಯದ ಅಭಾವದಿಂದ ಬಿಡುತ್ತೇನೆ, ಇದನ್ನೂ ಬಿಡುತ್ತೇನೆ” ಎಂದು ತಮ್ಮ ಪ್ರಬಂಧವನ್ನು ತಾವೇ ಹರಿದು ಹಾಕುವುದನ್ನು ನೀವೂ ನೋಡಿರುತ್ತೀರಿ. ಮನೆಯಲ್ಲಿ ಗಡಿಯಾರ ಎದುರಿಗಿಟ್ಟುಕೊಂಡು, ಎದ್ದು ನಿಂತು, ಗಟ್ಟಿಯಾಗಿ ಓದಿ. ಕುಳಿತು ಮನಸ್ಸಿನಲ್ಲಿ ಓದಿಕೊಂಡ ಪ್ರಬಂಧ ಯಾವಾಗಲೂ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ!

ಕೊಟ್ಟ ಸಮಯ ಸಿಗುತ್ತದೆಂಬ ಭರವಸೆಯೂ ಇಲ್ಲ. ನಮ್ಮ ಸಂಕಿರಣಗಳ ಉದ್ಘಾಟನೆಯ ವೈಭವ ನಿಮಗೆ ಗೊತ್ತೇ ಇದೆ. ನಾಡಗೀತೆ, ಸ್ವಾಗತ, ಸಸಿಗೆ ನೀರು, ಪ್ರಸ್ತಾವನೆ, ಆಶಯ ಭಾಷಣ, ಮುಖ್ಯ ಅತಿಥಿಗಳ ನುಡಿ, ಶಾಲು, ಹಣ್ಣಿನ ಬುಟ್ಟಿ, ವಂದನಾರ್ಪಣೆ ಎಲ್ಲ ಮುಗಿದು ಚಹಾ ಕುಡಿಯುವ ಹೊತ್ತಿಗೆ ಹನ್ನೆರಡೂವರೆ. ಊಟದ ನಂತರ ಮೂರು ಗೋಷ್ಠಿಗಳು ಏಕಕಾಲಕ್ಕೆ ಶುರುವಾಗುತ್ತವೆ, ಗೋಷ್ಠಿಯ ಅಧ್ಯಕ್ಷರಿಗೆ ನಾಲ್ಕೂವರೆಯ ಬಸ್ಸು ಹಿಡಿಯಬೇಕಿರುತ್ತದೆ, ಸಂಶೋಧನಾ ವಿದ್ಯಾರ್ಥಿಗಳ ಪಾಲಿಗೆ ತಲಾ ಐದು ನಿಮಿಷ ಬರುತ್ತದೆ. ಸಂಘಟಕರನ್ನು ಬೈದು ಪ್ರಯೋಜನವಿಲ್ಲ, ನಾನೂ ಸಂಘಟಿಸಿದ್ದೇನೆ, ನನ್ನ ಕಾಲದಲ್ಲೂ ಹೀಗೆಯೇ ಆಯಿತು. ಆದ್ದರಿಂದ ಒಂದೇ ಪ್ರಬಂಧವನ್ನು ಮೂರು ಅಳತೆಗಳಲ್ಲಿ ಸಿದ್ಧಮಾಡಿಕೊಳ್ಳಿ: ಇಪ್ಪತ್ತು ನಿಮಿಷದ್ದು, ಹತ್ತು ನಿಮಿಷದ್ದು, ಐದು ನಿಮಿಷದ್ದು. ಐದು ನಿಮಿಷದ್ದೆಂದರೆ ಇಪ್ಪತ್ತು ನಿಮಿಷದ್ದನ್ನು ಓಡಿಸಿಕೊಂಡು ಓದುವುದಲ್ಲ. ಪ್ರಶ್ನೆ, ಒಂದು ಶಾಸನ, ಅದರಿಂದ ಕಂಡದ್ದು, ಇಷ್ಟೇ. ನನ್ನ ವಿದ್ಯಾರ್ಥಿನಿಗೆ ಅಂದು ಸಿಕ್ಕಿದ್ದು ಏಳು ನಿಮಿಷ.

ಸ್ಲೈಡ್‌ಗಳ ಬಗ್ಗೆ ಹೆಚ್ಚು ಹೇಳಲಾರೆ, ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ. ಕಲ್ಲಿನ ಚಿತ್ರ ತೋರಿಸಿ. ಇಡೀ ಶಾಸನದ ಪಾಠವನ್ನು ತೆರೆಯ ಮೇಲೆ ಹರಡದೆ, ನೀವು ಮಾತಾಡುತ್ತಿರುವ ಎರಡು ಸಾಲನ್ನಷ್ಟೇ ಹಿಂದಿನ ಸಾಲಿನವರಿಗೆ ಕಾಣುವ ಗಾತ್ರದಲ್ಲಿ ಕೊಡಿ. ಆದರೆ ಕನ್ನಡದಲ್ಲಿ ಮಂಡಿಸುವವರಿಗೇ ಕಾದಿರುವ ಒಂದು ಆಪತ್ತಿದೆ, ಅದಕ್ಕೆ ನಾನೇ ಬಲಿಯಾದವನು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿಸಿದ ಸ್ಲೈಡ್‌ಗಳನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ಆ ಅಕ್ಷರಶೈಲಿ ಇರಲಿಲ್ಲ. ತೆರೆಯ ಮೇಲೆ ಮೂಡಿದ್ದು ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ, ಪೌಂಡಿನ ಚಿಹ್ನೆಗಳೆಲ್ಲ ಕಲಸಿದ ಸಾಲುಗಳು. ಸಭೆಯಲ್ಲಿದ್ದ ಹಿರಿಯರೊಬ್ಬರು, “ಇದು ಯಾವ ಲಿಪಿ, ಮೇಷ್ಟ್ರೇ?” ಎಂದು ಕೇಳಿದರು. ಶಾಸನಶಾಸ್ತ್ರದ ಗೋಷ್ಠಿಯಲ್ಲಿ ಇಂಥ ಪ್ರಶ್ನೆಗೆ ನಗದೆ ಇರುವುದು ಕಷ್ಟ, ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಯೂನಿಕೋಡ್‌ನಲ್ಲಿಯೇ ಟೈಪು ಮಾಡುತ್ತೇನೆ, ಮೇಲೆ ಒಂದು ಪಿಡಿಎಫ್ ಪ್ರತಿ, ಅದರ ಮೇಲೆ ಕಾಗದದಲ್ಲಿ ಮುದ್ರಿಸಿದ ಒಂದು ಪ್ರತಿ. ವಿದ್ಯುತ್ತು ಹೋದರೆ ಉಳಿಯುವುದು ಆ ಕಾಗದವೇ.

ಕನ್ನಡದಲ್ಲಿ ಕೆಲಸ ಮಾಡಿ ಇಂಗ್ಲಿಷಿನಲ್ಲಿ ಮಂಡಿಸಬೇಕಾಗುವ ಸಂದರ್ಭವೂ ಬರುತ್ತದೆ. 1935ರಲ್ಲಿ ಪುಣೆಯಲ್ಲಿ ಮೊದಲ ಅಧಿವೇಶನ ನಡೆಸಿದ ಭಾರತೀಯ ಇತಿಹಾಸ ಕಾಂಗ್ರೆಸ್ಸಿಗೆ ನಮ್ಮ ವಿದ್ಯಾರ್ಥಿಗಳು ಹೋಗಬೇಕು, ಹೋಗುತ್ತಲೂ ಇದ್ದಾರೆ. ಅಲ್ಲಿ ಬಿತ್ತುವಟ್ಟವನ್ನು ‘ಕೆರೆ ತೆರಿಗೆ’ ಎಂಬ ಅರ್ಥದ ಇಂಗ್ಲಿಷ್ ಮಾತಿಗೆ ತಿರುಗಿಸಿದ ಕೂಡಲೇ ನಿಮ್ಮ ಪ್ರಶ್ನೆಯೇ ಮಾಯವಾಗುತ್ತದೆ, ಏಕೆಂದರೆ ಅದು ಗೌರವವೋ ಸಂಭಾವನೆಯೋ ಎಂಬುದೇ ನಿಮ್ಮ ಪ್ರಶ್ನೆಯಾಗಿತ್ತು. ಪದವನ್ನು ಹಾಗೆಯೇ ಉಳಿಸಿ, ಒಮ್ಮೆ ವಿವರಿಸಿ, ಮುಂದೆ ಸಾಗಿ. ಉಚ್ಚಾರಣೆಗಾಗಿ ನಾಚಬೇಡಿ. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ, ಪ್ರಶ್ನೆಗೆ ಉತ್ತರಿಸುವಾಗ ತಡವರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಎಲ್ಲಿಗೆ ಹೋಗಬಾರದು ಎಂಬುದನ್ನೂ ಹೇಳಬೇಕು. ಇ-ಮೇಲಿನಲ್ಲಿ ಬರುವ ಕೆಲವು ಆಮಂತ್ರಣಗಳಲ್ಲಿ ವಿಜ್ಞಾನ, ವಾಣಿಜ್ಯ, ಸಾಹಿತ್ಯ, ಯೋಗ ಎಲ್ಲವೂ ಒಂದೇ ಸಮ್ಮೇಳನದ ವಿಷಯಗಳಾಗಿರುತ್ತವೆ. ನೋಂದಣಿ ಶುಲ್ಕದ ಸಾಲು ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ. ಹಾಜರಾಗದಿದ್ದರೂ ‘ಗೈರುಹಾಜರಿ ಮಂಡನೆ’ಯ ಪ್ರಮಾಣಪತ್ರ ಕೊಡುವುದಾಗಿ ಬರೆದಿರುತ್ತಾರೆ. ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು 2005ರಲ್ಲಿ, ಅರ್ಥವೇ ಇಲ್ಲದ ವಾಕ್ಯಗಳನ್ನು ಜೋಡಿಸಿ ಪ್ರಬಂಧ ಹೊಸೆಯುವ ಸೈಜೆನ್ ಎಂಬ ತಂತ್ರಾಂಶ ಬರೆದು, ಅದು ಹೊಸೆದ ಪ್ರಬಂಧವನ್ನು ಇಂಥದೊಂದು ಸಮ್ಮೇಳನಕ್ಕೆ ಕಳಿಸಿದರು, ಅದು ಸ್ವೀಕೃತವೂ ಆಯಿತು. ನಾನು ಚಿಕ್ಕವನಿದ್ದಾಗ ಶುಲ್ಕ ಕಟ್ಟಿ ಹೋದ ಒಂದು ಸಮ್ಮೇಳನದಲ್ಲಿ ಕೇಳುವವರೆಂದರೆ ಮಂಡಿಸುವವರೇ. ತಮ್ಮ ಸರದಿ ಮುಗಿದೊಡನೆ ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಯವನಾದ ನಾನು ಗೋಷ್ಠಿಯ ಅಧ್ಯಕ್ಷರಿಗೂ ಮೈಕಿನ ಹುಡುಗನಿಗೂ ಪ್ರಬಂಧ ಓದಿ ಹೇಳಿ ಬಂದೆ. ನಿಮ್ಮ ಪ್ರಶ್ನೆಯನ್ನು ಬಲ್ಲ ಇಬ್ಬರಾದರೂ ಆ ಕೋಣೆಯಲ್ಲಿ ಕೂರುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಊರೂರು ಸುತ್ತುವ ಕರ್ನಾಟಕ ಇತಿಹಾಸ ಅಕಾದೆಮಿಯ ವಾರ್ಷಿಕ ಸಮ್ಮೇಳನದಂಥ ಕಡೆ, ಆಯಾ ಭಾಗದ ಶಾಸನಗಳನ್ನು ಓಡಾಡಿ ಓದಿದವರು ಎದುರಿಗೇ ಕುಳಿತಿರುತ್ತಾರೆ. ಅಂಥವರ ಮುಂದೆ ಹತ್ತು ನಿಮಿಷ ಸಿಕ್ಕರೆ ಸಾಕು.

ಪ್ರಶ್ನೋತ್ತರಕ್ಕೆ ಸಿದ್ಧತೆ ಮಾಡಿಕೊಳ್ಳಬಹುದೇ ಎಂದು ಒಬ್ಬರು ಕೇಳಿದರು. ಸ್ವಲ್ಪ ಮಟ್ಟಿಗೆ ಮಾಡಿಕೊಳ್ಳಬಹುದು. ನಿಮ್ಮ ಗೆಳೆಯರ ಮುಂದೆ ಒಮ್ಮೆ ಓದಿ, ಅವರು ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಆದರೆ ನಿಜವಾದ ಪ್ರಶ್ನೆ ಅಲ್ಲಿಂದ ಬರುವುದಿಲ್ಲ. ನನ್ನ ವಿದ್ಯಾರ್ಥಿನಿ ಏಳು ನಿಮಿಷದಲ್ಲಿ ಓದಿ ಮುಗಿಸಿದಾಗ ಗೋಷ್ಠಿಯ ಅಧ್ಯಕ್ಷರು ಶಬ್ದದ ವ್ಯುತ್ಪತ್ತಿಯ ಬಗ್ಗೆ ಏನೋ ಕೇಳಿದರು, ಅವಳು ಸಿದ್ಧವಾಗಿದ್ದ ಉತ್ತರವನ್ನೇ ಕೊಟ್ಟಳು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ವೃದ್ಧರು ಎದ್ದು ನಿಂತರು. ಅವರು ಅಧ್ಯಾಪಕರಲ್ಲ, ಸಂಕಿರಣ ನಡೆಯುತ್ತಿದ್ದ ಊರಿನವರೇ, ಊಟಕ್ಕೆಂದು ಬಂದು ಹಾಗೆಯೇ ಕುಳಿತಿದ್ದರೋ ಏನೋ. “ಅಲ್ಲಮ್ಮ, ಕೆರೆ ಕಟ್ಟಿಸ್ದೋನು ಇದಾನೆ, ದೇವಸ್ಥಾನ ಇದೆ, ಗೌಡ ಇದಾನೆ. ತೂಬು ಎತ್ತೋ ನೀರಗಂಟಿ ಎಲ್ಲಿದಾನೆ ನಿನ್ ಶಾಸನ್ದಲ್ಲಿ?” ಎಂದು ಕೇಳಿದರು.

ಅವಳು ಒಂದು ಕ್ಷಣ ಕಾಗದ ನೋಡಿದಳು. “ಗೊತ್ತಿಲ್ಲ ಅಜ್ಜಾರೇ, ನಾನು ಹಾಗೆ ಹುಡುಕಿರಲಿಲ್ಲ. ಹುಡುಕುತ್ತೇನೆ” ಎಂದಳು. ಸಭೆಯಲ್ಲಿ ಇಷ್ಟು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದು ವೇದಿಕೆ ಹತ್ತಿದವರಿಗೆ ಗೊತ್ತು. ಬಹಳಷ್ಟು ಜನ ಆ ಹೊತ್ತಿಗೆ ಮಾತು ಬೆಳೆಸಿ, ಕೇಳಿದ ಪ್ರಶ್ನೆಯನ್ನು ಬಿಟ್ಟು ತಮಗೆ ಗೊತ್ತಿರುವ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಅವಳು ಕುರ್ಚಿಗೆ ಮರಳಿ ಮೊದಲು ಮಾಡಿದ ಕೆಲಸ ಆ ಪ್ರಶ್ನೆಯನ್ನು ಅವರ ಮಾತಿನಲ್ಲಿಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು. ಪ್ರಶ್ನೆಗಳನ್ನು ಅಂದೇ ಬರೆದಿಡಿ, ರಾತ್ರಿಯ ಬಸ್ಸಿನಲ್ಲಿ ನೆನಪಿಸಿಕೊಳ್ಳೋಣವೆಂದರೆ ನೆನಪಿಗೆ ಬರುವುದು ಹೊಗಳಿಕೆಗಳು ಮಾತ್ರ.

ಊರಿಗೆ ಮರಳಿ ಅವಳು ಶಾಸನಗಳನ್ನೆಲ್ಲ ಮತ್ತೊಮ್ಮೆ ಓದಿದಳು. ಈ ಸಲ ಹುಡುಕಿದ್ದು ದಾನ ಕೊಟ್ಟವರನ್ನೂ ಪಡೆದವರನ್ನೂ ಅಲ್ಲ, ಕೆಲಸ ಮಾಡಿದವರನ್ನು. ಅವಳ ಆಯ್ಕೆಯ ಶಾಸನಗಳಲ್ಲಿ ತೂಬು ಎತ್ತುವವನ ಹೆಸರು ಸಿಗಲಿಲ್ಲ; ಆದರೆ ಯಾರಿಗೆಂದು ಹೇಳದೆ ಗದ್ದೆಯ ಅಳತೆಯಷ್ಟೇ ಹೇಳಿ ನಿಲ್ಲುವ ಶಾಸನಗಳಿದ್ದವಲ್ಲ, ಅವುಗಳಲ್ಲಿ ಎಷ್ಟೋ ಕಡೆ ಆ ಗದ್ದೆ ಇರುವುದು ತೂಬಿನ ಕೆಳಗೆ ಎಂಬುದು ಅವಳ ಗಮನಕ್ಕೆ ಬಂತು. ಅದರಿಂದ ಏನನ್ನು ಸಾಧಿಸಬಹುದು, ಏನನ್ನು ಸಾಧಿಸಲಾಗದು ಎಂಬುದರ ಮೇಲೆಯೇ ಪ್ರಬಂಧದ ಎರಡನೆಯ ಅರ್ಧ ನಿಂತಿತು. ಸಂಕಿರಣದ ಪ್ರಬಂಧಗಳ ಸಂಪುಟಕ್ಕೆ ಅವಳು ಕಳಿಸಿದ್ದು ಈ ತಿದ್ದಿದ ರೂಪವನ್ನು, ಹತ್ತೊಂಬತ್ತು ಪುಟ. ಸಂಪುಟ ಹೊರಬರಲು ಎರಡು ವರ್ಷ ಹಿಡಿಯಿತು, ಅದು ನಮ್ಮಲ್ಲಿ ಹೆಚ್ಚೇನೂ ಅಲ್ಲ. ಅಷ್ಟರೊಳಗೆ ಅವಳು ಆ ಊರಿಗೆ ಎರಡು ಸಲ ಫೋನು ಮಾಡಿಸಿ, ಅಂದು ಪ್ರಶ್ನೆ ಕೇಳಿದವರು ಯಾರೆಂದು ವಿಚಾರಿಸಿದಳು. ಯಾರಿಗೂ ಗೊತ್ತಾಗಲಿಲ್ಲ. ಮುದ್ರಿತ ಪ್ರಬಂಧದ ಮೊದಲ ಅಡಿಟಿಪ್ಪಣಿಯಲ್ಲಿ, ಮಾರ್ಗದರ್ಶಕನಾದ ನನ್ನ ಹೆಸರಿಗೂ ಮೊದಲು, ‘ಗೋಷ್ಠಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ನೀರಗಂಟಿ ಎಲ್ಲಿ ಎಂದು ಕೇಳಿದ ಹಿರಿಯರಿಗೆ’ ಎಂದಿದೆ.